ನೋಡುವವರಿಲ್ಲದ ಲೋಟ: ಲಾಕ್‌ಡೌನ್ ಕಾಲದ ಬೆಂಗಳೂರಿನಲ್ಲಿ ಒಂಟಿತನ ಮತ್ತು ಕುಡಿತ

2020ರ ಮಾರ್ಚ್ 25ರಿಂದ ಮೇ 3ರವರೆಗೆ, ಒಟ್ಟು 40 ದಿನ, ಕರ್ನಾಟಕದ ಮದ್ಯದಂಗಡಿಗಳ ಶಟರ್ ಮೇಲೇಳಲಿಲ್ಲ. ಪಬ್ಬುಗಳು, ಮಾಲ್‌ಗಳು, ಚಿತ್ರಮಂದಿರಗಳು ರಾಜ್ಯ ಸರ್ಕಾರದ ಆದೇಶದಂತೆ ಮಾರ್ಚ್ ಮಧ್ಯಭಾಗದಲ್ಲೇ ಮುಚ್ಚಿದ್ದವು; ಪ್ರಧಾನಿಯವರು 24ರ ರಾತ್ರಿ ದೇಶವ್ಯಾಪಿ ಲಾಕ್‌ಡೌನ್ ಘೋಷಿಸಿದ ಮೇಲೆ ಬಾರ್, ವೈನ್ ಶಾಪ್, ಎಂಎಸ್‌ಐಎಲ್ ಮಳಿಗೆಗಳೂ ಸೇರಿ ಕಾನೂನುಬದ್ಧ ಮಾರಾಟದ ಬಾಗಿಲುಗಳೆಲ್ಲ ಒಮ್ಮೆಲೇ ಮುಚ್ಚಿದವು. 2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಷೇಧವಾದಾಗಲೂ ಹೀಗಾಗಿರಲಿಲ್ಲ. ಅಂದು ಸಾರಾಯಿ ಹೋದ ಜಾಗಕ್ಕೆ ಅಗ್ಗದ ವಿಸ್ಕಿಯ ಟೆಟ್ರಾ ಪ್ಯಾಕ್ ಬಂದು ಕೂತಿತ್ತು. 2020ರಲ್ಲಿ ಆ ಜಾಗಕ್ಕೆ ಬರಲು ಕಳ್ಳಬಟ್ಟಿ ಮತ್ತು ಕಾಳಸಂತೆಯ ಬಾಟಲಿಗಳನ್ನು ಬಿಟ್ಟರೆ ಏನೂ ಇರಲಿಲ್ಲ.

ಈ 40 ದಿನಗಳು ಮತ್ತು ಅವುಗಳ ನಂತರ ಬಂದ ಒಂದೂವರೆ ವರ್ಷ ನಮ್ಮ ನೆನಪಿನಲ್ಲಿ ಉಳಿದಿರುವುದು ಬಹುಮಟ್ಟಿಗೆ ಸರತಿ ಸಾಲಿನ ಚಿತ್ರವಾಗಿ, ಸ್ವಲ್ಪಮಟ್ಟಿಗೆ ನಗೆಚಾಟಿಕೆಯಾಗಿ. ಆ ಚಿತ್ರದ ಚೌಕಟ್ಟಿನೊಳಗೆ ಕಾಣದ ಒಬ್ಬ ವ್ಯಕ್ತಿಯ ಸ್ಥಿತಿಯನ್ನು ಪರಿಶೀಲಿಸುವುದು ಈ ಪ್ರಕರಣ ಅಧ್ಯಯನದ ಉದ್ದೇಶ. ಆತ ಬೆಂಗಳೂರಿನಲ್ಲಿ ಒಬ್ಬನೇ ಇದ್ದ ವಯಸ್ಕ. ಬೇರೆ ಜಿಲ್ಲೆಯಿಂದ ಕೆಲಸಕ್ಕೆ ಬಂದು ಪಿ.ಜಿ.ಯಲ್ಲಿ ಉಳಿದ ಯುವಕ, ಕುಟುಂಬವನ್ನು ಊರಿನಲ್ಲಿ ಬಿಟ್ಟು ಬಂದ ಕ್ಯಾಬ್ ಚಾಲಕ ಅಥವಾ ಸೆಕ್ಯುರಿಟಿ ಗಾರ್ಡ್, ಹೆಂಡತಿಯನ್ನು ಕಳೆದುಕೊಂಡ ನಿವೃತ್ತ ನೌಕರ, ಮಕ್ಕಳು ಅಮೆರಿಕದಲ್ಲಿರುವ ಜಯನಗರ, ಮಲ್ಲೇಶ್ವರಗಳ ಹಿರಿಯರು, ಇವರೆಲ್ಲ ಈ ಗುಂಪಿಗೆ ಸೇರುತ್ತಾರೆ. ಇವರ ಬಗ್ಗೆ ಎಲ್ಲರೂ ಕೇಳುವ ಪ್ರಶ್ನೆ, ‘ಒಂಟಿತನದಿಂದಾಗಿ ಹೆಚ್ಚು ಕುಡಿದರೇ?’ ಎಂಬುದು. ಪ್ರಶ್ನೆ ತಪ್ಪೇನಲ್ಲ, ಆದರೆ ಅದಕ್ಕಿಂತ ಮುಂಚೆ ಕೇಳಬೇಕಾದ ಇನ್ನೊಂದಿದೆ: ಅವರು ಕುಡಿದದ್ದನ್ನು, ಅಥವಾ ಕುಡಿತ ನಿಂತು ನರಳಿದ್ದನ್ನು, ನೋಡಿದವರು ಯಾರು?

ಲಾಕ್‌ಡೌನಿಗೆ ಮುಂಚೆ ಇದ್ದ ಕಣ್ಣುಗಳು

ಕನ್ನಡದಲ್ಲಿ ಏಕಾಂತ ಬೇರೆ, ಒಂಟಿತನ ಬೇರೆ. ಏಕಾಂತವನ್ನು ಮನುಷ್ಯ ತಾನಾಗಿ ಹುಡುಕಿಕೊಂಡು ಹೋಗುತ್ತಾನೆ. ಒಂಟಿತನ ತಾನಾಗಿ ಬಂದು ಮೇಲೆ ಬೀಳುತ್ತದೆ. ಮನೆ ತುಂಬ ಜನರಿದ್ದೂ ಒಂಟಿಯಾಗಿರುವವರುಂಟು, ಒಬ್ಬರೇ ಇದ್ದೂ ಒಂಟಿತನ ಕಾಡದವರುಂಟು. ಸಂಶೋಧಕರು ಬಳಸುವ ವ್ಯಾಖ್ಯಾನವೂ ಇದಕ್ಕೆ ಹತ್ತಿರದ್ದೇ: ಬೇಕೆನಿಸುವ ಒಡನಾಟಕ್ಕೂ ಸಿಗುತ್ತಿರುವ ಒಡನಾಟಕ್ಕೂ ನಡುವಿನ ಕೊರತೆಯೇ ಒಂಟಿತನ. ಈ ಪ್ರಕರಣದಲ್ಲಿ ಎರಡು ಸಂಗತಿಗಳು ಒಟ್ಟಿಗೆ ಸೇರಿದವರನ್ನು, ಅಂದರೆ ಒಬ್ಬರೇ ಇದ್ದು ಆ ಇರುವಿಕೆಯನ್ನು ಬಯಸದವರನ್ನು, ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಿದ್ದೇನೆ.

ಇಂತಹ ವ್ಯಕ್ತಿಯ ಕುಡಿತ ಲಾಕ್‌ಡೌನಿಗೆ ಮುಂಚೆ ನಿಜವಾಗಿ ಒಂಟಿ ಕುಡಿತವಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಕೆಲಸ ಮುಗಿಸಿ ಬಾರಿನ ಕೌಂಟರಿನಲ್ಲಿ ನಿಂತು ಒಂದು ನೈಂಟಿ ಹಾಕಿ, ನೆಂಚಿಕೊಳ್ಳಲು ಕಡಲೆಬೀಜವನ್ನೋ ಬೇಯಿಸಿದ ಮೊಟ್ಟೆಯನ್ನೋ ತಿಂದು, ಪಕ್ಕದಲ್ಲಿ ನಿಂತ ಅಪರಿಚಿತನೊಡನೆ ಕ್ರಿಕೆಟ್ಟಿನ ಬಗ್ಗೆಯೋ ಟ್ರಾಫಿಕ್ಕಿನ ಬಗ್ಗೆಯೋ ನಾಲ್ಕು ಮಾತಾಡಿ ಹೊರಡುವವನಿಗೆ ಅಲ್ಲಿ ಗೆಳೆಯರಿದ್ದರೆಂದು ಹೇಳಲಾಗದು, ನೋಡುವವರಂತೂ ಇದ್ದರು. ನಿನ್ನೆ ಬಾರದಿದ್ದರೆ ಇವತ್ತು ‘ಯಾಕ್ ಸಾರ್, ಊರಿಗೆ ಹೋಗಿದ್ರಾ?’ ಎಂದು ಸಪ್ಲೈಯರ್ ಕೇಳುತ್ತಿದ್ದ. ಮೂರನೆಯ ನೈಂಟಿಗೆ ಕೈ ಎತ್ತಿದರೆ ‘ಸಾಕು ಬಿಡಿ ಸಾರ್’ ಎನ್ನುವ ಸಲುಗೆಯೂ ಕೆಲವರಿಗೆ ಇರುತ್ತಿತ್ತು. ಇದನ್ನು ಹೊಗಳುತ್ತಿಲ್ಲ. ಬಾರು ಸಮಾಜಸೇವೆಗೆ ತೆರೆದ ಜಾಗವಲ್ಲ. ಆದರೂ ಅದಕ್ಕೆ ಮುಚ್ಚುವ ವೇಳೆ ಎಂಬುದಿತ್ತು, ಜೇಬಿನ ಹಣಕ್ಕೆ ಮಿತಿಯಿತ್ತು, ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗಬೇಕೆಂಬ ಹಂಗಿತ್ತು, ಬಾಯಿಂದ ವಾಸನೆ ಬಂದರೆ ಮೂಗು ಮುಚ್ಚಿಕೊಳ್ಳುವ ಸಹೋದ್ಯೋಗಿ ಇದ್ದ.

ಅಳತೆಯ ಮಾತನ್ನೂ ಇಲ್ಲಿಯೇ ಹೇಳಿಬಿಡಬಹುದು. ನಮ್ಮಲ್ಲಿ ಮಾರುವ ವಿಸ್ಕಿ, ಬ್ರಾಂದಿ, ರಮ್ಮುಗಳಲ್ಲಿ ಆಲ್ಕೊಹಾಲ್ ಪ್ರಮಾಣ ಸಾಮಾನ್ಯವಾಗಿ ಶೇ 42.8. ಅಂದರೆ 90 ಮಿ.ಲೀ.ಯ ಒಂದು ನೈಂಟಿಯಲ್ಲಿ ಸುಮಾರು 30 ಗ್ರಾಂ ಶುದ್ಧ ಆಲ್ಕೊಹಾಲ್ ಇರುತ್ತದೆ, 180 ಮಿ.ಲೀ.ಯ ಕ್ವಾರ್ಟರಿನಲ್ಲಿ 60 ಗ್ರಾಂ, 750 ಮಿ.ಲೀ.ಯ ಫುಲ್ ಬಾಟಲಿಯಲ್ಲಿ 250 ಗ್ರಾಂ. 10 ಗ್ರಾಮನ್ನು ಒಂದು ಪ್ರಮಾಣವೆಂದು ಹಿಡಿಯುವ ವೈದ್ಯಕೀಯ ಲೆಕ್ಕದಲ್ಲಿ, ‘ನಾನು ದಿನಕ್ಕೆ ಒಂದೇ ಹಾಕುವುದು’ ಎನ್ನುವ ನೈಂಟಿಯವನು ಮೂರು ಹಾಕುತ್ತಿರುತ್ತಾನೆ. ಕೊಳ್ಳುವ ಘಟಕ ನೈಂಟಿಯಿಂದ ಫುಲ್ ಬಾಟಲಿಗೆ ಏರಿದಾಗ ಏನಾಯಿತೆಂಬುದನ್ನು ತಿಳಿಯಲು ಈ ಲೆಕ್ಕ ಮುಂದೆ ಬೇಕಾಗುತ್ತದೆ.

ನಿಂತ ಕುಡಿತ, ಬಾರದ ಆಂಬುಲೆನ್ಸ್

ವರ್ಷಗಟ್ಟಲೆ ದಿನವೂ ಕುಡಿಯುವವನ ಮಿದುಳು ಮದ್ಯದ ಮಂಪರಿಗೆ ಎದುರಾಗಿ ತನ್ನನ್ನು ತಾನೇ ಹುರಿಗೊಳಿಸಿಕೊಂಡಿರುತ್ತದೆ. ಮದ್ಯ ದಿಢೀರನೆ ನಿಂತರೆ ಆ ಹುರುಪಿಗೆ ಕಡಿವಾಣವಿಲ್ಲದಂತಾಗುತ್ತದೆ. ಮೊದಲ ದಿನ ಕೈ ನಡುಕ, ಬೆವರು, ನಿದ್ರೆ ಬಾರದಿರುವುದು, ಎದೆ ಹೊಡೆದುಕೊಳ್ಳುವುದು. ಎರಡು ದಿನದೊಳಗೆ ಕೆಲವರಿಗೆ ಫಿಟ್ಸ್. ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ ಇನ್ನೂ ಕೆಲವರಿಗೆ ಸನ್ನಿ. ಸನ್ನಿ ಹಿಡಿದವನಿಗೆ ಗೋಡೆಯ ಮೇಲೆ ಹುಳ ಹರಿದಂತೆ ಕಾಣುತ್ತದೆ, ಯಾರೋ ಕರೆದಂತೆ ಕೇಳುತ್ತದೆ, ದಿನ ಯಾವುದು, ತಾನೆಲ್ಲಿದ್ದೇನೆ ಎಂಬುದು ತಿಳಿಯದಾಗುತ್ತದೆ. ಚಿಕಿತ್ಸೆ ಸಿಗದಿದ್ದರೆ ಇದು ಪ್ರಾಣಾಂತಿಕ. ಆದರೆ ಚಿಕಿತ್ಸೆ ಕಷ್ಟದ್ದಲ್ಲ: ಕ್ಲೋರ್‌ಡಯಾಜೆಪಾಕ್ಸೈಡ್, ಲೊರಾಜೆಪಾಮ್ ಮುಂತಾದ ಶಾಮಕ ಔಷಧಿಗಳು, ಥಯಾಮಿನ್ ಎಂಬ ಬಿ1 ಜೀವಸತ್ವ, ನೀರು, ಆಹಾರ, ಮೇಲ್ವಿಚಾರಣೆ.

ಈ ಅಪಾಯಕ್ಕೆ ಎಷ್ಟು ಜನ ಒಡ್ಡಿಕೊಂಡಿದ್ದರೆಂಬುದು ಗೊತ್ತಿಲ್ಲದ ಸಂಗತಿಯೇನೂ ಆಗಿರಲಿಲ್ಲ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆ, ದೇಶದಲ್ಲಿ 10ರಿಂದ 75 ವರ್ಷದವರ ಪೈಕಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆಂದೂ, ಅವರಲ್ಲಿ 5.7 ಕೋಟಿ ಜನರಿಗೆ ಅದರ ತೊಂದರೆಯಿಂದ ಹೊರಬರಲು ನೆರವು ಬೇಕೆಂದೂ ಒಂದು ವರ್ಷ ಮೊದಲೇ ಹೇಳಿತ್ತು. ಆದರೂ ನಾಲ್ಕು ಗಂಟೆಗಳ ಮುನ್ಸೂಚನೆಯಲ್ಲಿ ಅಂಗಡಿ ಮುಚ್ಚಿದ ಆ ರಾತ್ರಿ, ಇವರಿಗೇನಾಗಬಹುದೆಂಬ ಪ್ರಶ್ನೆ ಯಾರ ಮೇಜಿನ ಮೇಲೂ ಇದ್ದಂತೆ ಕಾಣುವುದಿಲ್ಲ.

ಪರಿಣಾಮ ತಡವಾಗಲಿಲ್ಲ. ಬೆಂಗಳೂರಿನ ಆಸ್ಪತ್ರೆಗಳ ದಾಖಲೆಗಳನ್ನು ಆಧರಿಸಿ ಮನೋವೈದ್ಯರು ಅದೇ ವರ್ಷ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ತೀವ್ರ ಸ್ವರೂಪದ ಮದ್ಯಹಿಂತೆಗೆತದಿಂದ, ಅಂದರೆ ಕುಡಿತ ದಿಢೀರನೆ ನಿಂತಾಗಿನ ಈ ತೊಂದರೆಗಳಿಂದ, ಬರುವವರ ಸಂಖ್ಯೆ ಲಾಕ್‌ಡೌನ್ ಹೊತ್ತಿಗೆ ದಿನಕ್ಕೆ ಸರಾಸರಿ ಸುಮಾರು 4ರಿಂದ ಸುಮಾರು 8ಕ್ಕೆ ಏರಿತು. ಪಕ್ಕದ ಕೇರಳದಲ್ಲಿ ಮದ್ಯ ಸಿಗದೆ ಆತ್ಮಹತ್ಯೆಗಳಾದ ವರದಿಗಳು ಬಂದಾಗ, ವೈದ್ಯರ ಚೀಟಿ ತಂದವರಿಗೆ ಮದ್ಯ ಕೊಡಲು ಅಲ್ಲಿನ ಸರ್ಕಾರ ಮಾರ್ಚ್ 30ರಂದು ಆದೇಶಿಸಿತು. ವೈದ್ಯರ ಸಂಘಟನೆಗಳು ಅದನ್ನು ವಿರೋಧಿಸಿದವು, ಏಪ್ರಿಲ್ 2ರಂದು ಹೈಕೋರ್ಟ್ ತಡೆ ನೀಡಿತು. ಕಾಯಿಲೆಗೆ ಕಾಯಿಲೆಯನ್ನೇ ಮದ್ದಾಗಿ ಬರೆದುಕೊಡುವುದನ್ನು ಯಾವ ವೈದ್ಯನೂ ಒಪ್ಪಲಾರ ಎಂಬುದು ಸರಿಯೇ, ಆದರೆ ಆ ಆದೇಶದಲ್ಲಿ ಒಂದು ಒಪ್ಪಿಗೆಯಂತೂ ಇತ್ತು: ಇದು ಚಟವಷ್ಟೇ ಅಲ್ಲ, ದೇಹದ ಸ್ಥಿತಿ ಎಂಬ ಒಪ್ಪಿಗೆ.

ದಿನಕ್ಕೆ ಎಂಟು ಎಂಬ ಆ ಸಂಖ್ಯೆಯ ಎದುರು ಸ್ವಲ್ಪ ಹೊತ್ತು ನಿಲ್ಲಬೇಕು. ಫಿಟ್ಸ್ ಬಂದವನು ತಾನೇ ಆಂಬುಲೆನ್ಸಿಗೆ ಫೋನ್ ಮಾಡುವುದಿಲ್ಲ. ಸನ್ನಿ ಹಿಡಿದವನು ತಾನೇ ಆಟೊ ಹಿಡಿದು ಬರುವುದಿಲ್ಲ. ಆಗಂತೂ ಆಟೊ ಕೂಡ ಇರಲಿಲ್ಲ. ಅಂತಹವರು ಆಸ್ಪತ್ರೆಯ ಬಾಗಿಲಿಗೆ ಬರಬೇಕಾದರೆ ಹೆಂಡತಿಯೋ ಮಗನೋ ತಮ್ಮನೋ ಅಕ್ಕಪಕ್ಕದವರೋ ನಡುಕವನ್ನು ನೋಡಿ, ಹೆದರಿ, ಪೊಲೀಸರ ತಡೆಗಳನ್ನು ದಾಟಿ ಹೊತ್ತು ತರಬೇಕು. ಹಾಗಾಗಿ ಆಸ್ಪತ್ರೆಯ ಲೆಕ್ಕ ಮುಖ್ಯವಾಗಿ ಒಂಟಿಯಲ್ಲದವರ ಲೆಕ್ಕ. ಬಾಡಿಗೆ ಕೋಣೆಯ ಚಿಲಕ ಒಳಗಿನಿಂದ ಹಾಕಿಕೊಂಡವನು ಅದರಲ್ಲಿ ಸೇರುವ ಸಂಭವ ಕಡಿಮೆ.

ಅದೇ ಮಾರ್ಚ್ 25ರಂದು ಇನ್ನೊಂದು ಒಳ್ಳೆಯ ಕೆಲಸವೂ ಆಗಿತ್ತು. ಫೋನ್ ಮತ್ತು ವಿಡಿಯೊ ಮೂಲಕ ರೋಗಿಯನ್ನು ನೋಡಲು ವೈದ್ಯರಿಗೆ ಅನುವು ಮಾಡಿಕೊಡುವ ಟೆಲಿಮೆಡಿಸಿನ್ ಮಾರ್ಗಸೂಚಿ ದೇಶದಲ್ಲಿ ಹೊರಬಂದದ್ದು ಅಂದೇ. ಒಂಟಿಯಾಗಿರುವವನಿಗೆ ಇದು ಬಾಗಿಲು ತೆರೆದಂತೆ ಎಂದುಕೊಳ್ಳಬಹುದಿತ್ತು. ಆದರೆ ಮಾದಕವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿರುವ ಔಷಧಿಗಳನ್ನು ದೂರದಿಂದ ಬರೆದುಕೊಡುವಂತಿಲ್ಲವೆಂದು ಮಾರ್ಗಸೂಚಿಯ ಮೂಲರೂಪ ಹೇಳಿತು, ಮದ್ಯಹಿಂತೆಗೆತಕ್ಕೆ ಕೊಡುವ ಮುಖ್ಯ ಶಾಮಕಗಳು ಅದೇ ಪಟ್ಟಿಯಲ್ಲಿದ್ದವು. ನಿಯಮ ಅವಿವೇಕದ್ದೆನ್ನಲಾರೆ: ಪಕ್ಕದಲ್ಲಿ ನೋಡಿಕೊಳ್ಳುವವರಿಲ್ಲದ ಮನುಷ್ಯನಿಗೆ, ಆತ ಮತ್ತೆ ಕುಡಿದಾನೆಂಬ ಶಂಕೆಯಿರುವಾಗ, ಫೋನಿನ ಮೇಲೆ ಅಂತಹ ಮಾತ್ರೆ ಬರೆದುಕೊಡುವುದು ಅಪಾಯವೇ. ಗಮನಿಸಬೇಕಾದದ್ದು ಇಷ್ಟು: ನಿಯಮದ ಎಚ್ಚರಿಕೆಯೂ ಕೊನೆಗೆ ‘ಜೊತೆಯಲ್ಲಿ ಯಾರಿದ್ದಾರೆ?’ ಎಂಬ ಪ್ರಶ್ನೆಗೇ ಬಂದು ನಿಲ್ಲುತ್ತಿತ್ತು, ಈ ಪ್ರಕರಣದ ವ್ಯಕ್ತಿಯ ಬಳಿ ಅದೊಂದಕ್ಕೇ ಉತ್ತರವಿರಲಿಲ್ಲ.

ಊಟದ ವಿಷಯವನ್ನೂ ಇದರ ಜೊತೆ ಸೇರಿಸಬೇಕು. ದರ್ಶಿನಿಯ ಇಡ್ಲಿ, ಮೆಸ್ಸಿನ ಊಟವನ್ನೇ ನಂಬಿದ್ದವನಿಗೆ ಅವು ಮುಚ್ಚಿದ ಮೇಲೆ ಬಿಸ್ಕತ್ತು, ನೂಡಲ್ಸ್, ಸಿಕ್ಕಾಗ ಹಂಚುವ ಪೊಟ್ಟಣ. ಹೆಚ್ಚು ಕುಡಿಯುವವರ ದೇಹದಲ್ಲಿ ಥಯಾಮಿನ್ ಮೊದಲೇ ಕಡಿಮೆ. ಊಟವೂ ತಪ್ಪಿದರೆ ಗೊಂದಲ, ಕಣ್ಣಿನ ಚಲನೆಯ ತೊಂದರೆ, ನಡಿಗೆಯ ತೂರಾಟವಾಗಿ ತೋರುವ, ಬೇಗ ಗುರುತಿಸದಿದ್ದರೆ ನೆನಪಿನ ಶಕ್ತಿಯನ್ನೇ ಶಾಶ್ವತವಾಗಿ ಕಸಿಯುವ ಮಿದುಳಿನ ಕಾಯಿಲೆಗೆ ದಾರಿಯಾಗುತ್ತದೆ. ದೂರದಿಂದ ನೋಡಿದವರಿಗೆ ಆ ತೂರಾಟ ಕುಡಿದ ಅಮಲಿನಂತೆಯೇ ಕಾಣುತ್ತದೆ ಎಂಬುದು ಇದರ ದೊಡ್ಡ ತೊಡಕು.

ಗಂಟೆಗೊಂದು ಸೆಲ್ಫಿ

ಸರ್ಕಾರ ಯಾರನ್ನೂ ನೋಡಲಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ವಿದೇಶದಿಂದ ಬಂದವರ ಮುಂಗೈಗೆ ಮುದ್ರೆ ಒತ್ತಿ ಮನೆಯಲ್ಲೇ ಇರಿಸಿದ್ದಲ್ಲದೆ, ಕ್ವಾರಂಟೈನಿನಲ್ಲಿರುವವರು ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಮ್ಮೆ ಸೆಲ್ಫಿ ತೆಗೆದು ಮೊಬೈಲ್ ಆ್ಯಪ್ ಮೂಲಕ ಕಳುಹಿಸಬೇಕೆಂದು ಕರ್ನಾಟಕ 2020ರ ಮಾರ್ಚ್ ಕೊನೆಯಲ್ಲಿ ಆದೇಶಿಸಿತು. ಚಿತ್ರದೊಂದಿಗೆ ಅದನ್ನು ತೆಗೆದ ಸ್ಥಳದ ವಿವರವೂ ಹೋಗುತ್ತಿತ್ತು. ದಿನಕ್ಕೆ ಹದಿನೈದು ಬಾರಿ ಒಬ್ಬ ಮನುಷ್ಯನ ಮುಖ ಸರ್ಕಾರದ ಕಣ್ಣಿಗೆ ಬೀಳುವ ವ್ಯವಸ್ಥೆ ಇದು. ಹಿಂದೆಂದೂ ಯಾವ ಒಂಟಿ ಮನುಷ್ಯನಿಗೂ ಇಷ್ಟು ನೋಡುಗರಿದ್ದಿರಲಾರರು. ಆದರೆ ಆ ಕಣ್ಣು ಹುಡುಕುತ್ತಿದ್ದುದು ಆತ ಮನೆಯಲ್ಲಿದ್ದಾನೋ ಇಲ್ಲವೋ ಎಂಬುದನ್ನು ಮಾತ್ರ, ಹೇಗಿದ್ದಾನೆಂಬುದನ್ನಲ್ಲ. ಸೋಂಕು ತಡೆಯುವ ಸಾಧನವೊಂದರ ಮೇಲೆ ಮಾನಸಿಕ ಆರೋಗ್ಯದ ಹೊರೆ ಹೊರಿಸಿ ಟೀಕಿಸುವುದು ನನ್ನ ಉದ್ದೇಶವಲ್ಲ. ಕಾವಲಿಗೂ ಒಡನಾಟಕ್ಕೂ ಇರುವ ಅಂತರ ಇದಕ್ಕಿಂತ ಸ್ಪಷ್ಟವಾಗಿ ಕಾಣುವ ಉದಾಹರಣೆ ಈ ಪ್ರಕರಣದಲ್ಲಿ ಬೇರೆ ಸಿಗಲಿಲ್ಲ, ಅಷ್ಟೆ. ಅಮೆರಿಕದ ಮಕ್ಕಳು ಭಾನುವಾರಕ್ಕೊಮ್ಮೆ ಮಾಡುತ್ತಿದ್ದ ವಿಡಿಯೊ ಕರೆಗೂ ಇಂಥದೇ ಮಿತಿ ಇತ್ತು. ಅಪ್ಪನ ಮುಖ ಕಾಣುತ್ತದೆ, ಅಂಗಿ ಇಸ್ತ್ರಿಯಾಗಿದೆ, ಮಾತು ನೆಟ್ಟಗಿದೆ. ಫೋನಿನಲ್ಲಿ ವಾಸನೆ ಬರುವುದಿಲ್ಲ.

ಕುಟುಂಬದೊಳಗೆ ನಡೆದದ್ದು ಇದಕ್ಕೆ ತದ್ವಿರುದ್ಧ. ಹೊರಗೆ ಕುಡಿದು, ಮಕ್ಕಳು ಮಲಗಿದ ಮೇಲೆ ಮನೆ ಸೇರುತ್ತಿದ್ದವನು ಈಗ ಇಡೀ ದಿನ ಅವರ ಕಣ್ಣೆದುರಿಗಿದ್ದ. ಆತನ ನಡುಕ, ಸಿಡುಕು, ಬಚ್ಚಿಟ್ಟ ಬಾಟಲಿ ಎಲ್ಲವೂ ಮನೆಯವರಿಗೆ ಮೊದಲ ಬಾರಿ ಹತ್ತಿರದಿಂದ ಕಂಡವು. ಅದರಿಂದ ಚಿಕಿತ್ಸೆಗೆ ಬಂದವರಿದ್ದಾರೆ. ಆ ನೋಟಕ್ಕೆ ಮನೆಯ ಹೆಂಗಸರು ತೆತ್ತ ಬೆಲೆಯೂ ಸಣ್ಣದಲ್ಲ; ಆ ತಿಂಗಳುಗಳಲ್ಲಿ ರಾಷ್ಟ್ರೀಯ ಮಹಿಳಾ ಆಯೋಗಕ್ಕೆ ಬಂದ ಕೌಟುಂಬಿಕ ಹಿಂಸೆಯ ದೂರುಗಳು ಹೆಚ್ಚಿದವು. ಹೀಗೆ ಲಾಕ್‌ಡೌನ್ ಕುಡಿಯುವವರನ್ನು ಎರಡು ಪಾಲು ಮಾಡಿತು: ಹಗಲಿರುಳೂ ಮನೆಯವರ ಕಣ್ಣಿಗೆ ಬಿದ್ದವರು ಒಂದು ಕಡೆ, ಯಾರ ಕಣ್ಣಿಗೂ ಬೀಳದವರು ಇನ್ನೊಂದು ಕಡೆ. ಸರಾಸರಿ ಲೆಕ್ಕಗಳು ಈ ಎರಡನ್ನೂ ಕೂಡಿ ಭಾಗಿಸುತ್ತವೆ.

ಲೋಟದಿಂದ ಬಾಟಲಿಗೆ

ಮೇ 4ರಂದು ಅಂಗಡಿ ತೆರೆದಾಗ ಬಳಪದ ವೃತ್ತಗಳಲ್ಲಿ ನಿಂತ ಸಾಲು, ಕೆಲವೆಡೆ ಶಟರಿಗೆ ಪೂಜೆ, ಪಟಾಕಿ, ಎಲ್ಲವನ್ನೂ ಟಿ.ವಿ.ಯಲ್ಲಿ ನೋಡಿದ್ದೇವೆ. ಅಬಕಾರಿ ಇಲಾಖೆಯ ಲೆಕ್ಕದಂತೆ ಮೊದಲ ದಿನದ ಮಾರಾಟ 45 ಕೋಟಿ ರೂಪಾಯಿ, ಎರಡನೆಯ ದಿನದ್ದು 197 ಕೋಟಿ. ಬೆಂಗಳೂರಿನ ಒಂದೇ ಬಿಲ್ 52,841 ರೂಪಾಯಿಯದಾಗಿ, ಅದರ ಚಿತ್ರ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿ, ಒಬ್ಬರಿಗೆ ಮಾರಬಹುದಾದ ಮಿತಿ ಮೀರಿದ್ದಕ್ಕೆ ಅಂಗಡಿಯ ಮೇಲೆ ಮೊಕದ್ದಮೆಯೂ ದಾಖಲಾಯಿತು. ವಾರದೊಳಗೆ ಸರ್ಕಾರ ಅಬಕಾರಿ ಸುಂಕವನ್ನು ಶೇ 17ರಷ್ಟು ಏರಿಸಿತು. 2020–21ರ ಬಜೆಟ್ಟಿನಲ್ಲಿ ಅಬಕಾರಿಗೆ ಇಟ್ಟಿದ್ದ ಗುರಿ 22,700 ಕೋಟಿ. 40 ದಿನ ವ್ಯಾಪಾರವೇ ಇಲ್ಲದಿದ್ದರೂ ವರ್ಷದ ಕೊನೆಗೆ ಸಂಗ್ರಹ ಅದನ್ನು ದಾಟಿತು.

ಆದರೆ ಮೇ 4ರಂದು ತೆರೆದದ್ದು ಅಂಗಡಿ ಮಾತ್ರ. ಕೂತು ಅಥವಾ ನಿಂತು ಕುಡಿಯುವ ಬಾರಿಗೆ ಅನುಮತಿ ಸಿಕ್ಕಿದ್ದು ಸೆಪ್ಟೆಂಬರ್ 1ರಂದು. ಅಲ್ಲಿಯವರೆಗೆ ಬಾರುಗಳೂ ಪಾರ್ಸೆಲ್ ಕೊಡಬಹುದಿತ್ತೇ ಹೊರತು ಲೋಟ ಇಡುವಂತಿರಲಿಲ್ಲ. ಸೋಂಕಿನ ದೃಷ್ಟಿಯಿಂದ ಇದು ಸರಿಯಾದ ಕ್ರಮ. ಒಂಟಿ ಕುಡಿತದ ದೃಷ್ಟಿಯಿಂದ ನೋಡಿದರೆ, ಸುಮಾರು ನಾಲ್ಕು ತಿಂಗಳ ಕಾಲ ರಾಜ್ಯದಲ್ಲಿ ಕಾನೂನು ಒಪ್ಪುವ ಕುಡಿತವೆಂದರೆ ಮನೆಯೊಳಗಿನ ಕುಡಿತ ಮಾತ್ರ. ಬಾರಿನ ಲೋಟಕ್ಕೆ ಅಳತೆಯಿದೆ, ಪ್ರತಿ ಸಲವೂ ಕೇಳಿ ಪಡೆಯಬೇಕು, ಪ್ರತಿ ಸಲವೂ ದುಡ್ಡು ಬೇಕು. ಕೋಣೆಯಲ್ಲಿಟ್ಟ ಬಾಟಲಿಗೆ ಈ ಯಾವುದೂ ಇಲ್ಲ. ಮತ್ತೆ ಅಂಗಡಿ ಮುಚ್ಚಿದರೆ ಎಂಬ ಭಯ ಸೇರಿಕೊಂಡಾಗ, ದಿನಕ್ಕೊಂದು ನೈಂಟಿ ಕೊಳ್ಳುತ್ತಿದ್ದವನು ಫುಲ್ ಬಾಟಲಿ ಕೊಂಡಿಡುವುದು ಸಹಜ. ಒಂದು ಸಂಜೆಯ 30 ಗ್ರಾಂ ಬದಲು 250 ಗ್ರಾಂ ಕೈಗೆಟುಕುವ ದೂರದಲ್ಲಿ ಬಂದು ಕೂರುತ್ತದೆ.

2021ರ ಏಪ್ರಿಲ್ 27ರಿಂದ ಎರಡನೆಯ ಅಲೆಯ ನಿರ್ಬಂಧಗಳು ಬಂದಾಗ ಸರ್ಕಾರ ಹಿಂದಿನ ವರ್ಷದ ಪಾಠ ಕಲಿತಿತ್ತು. ಈ ಬಾರಿ ಮದ್ಯದಂಗಡಿಗಳನ್ನು ಪೂರ್ತಿ ಮುಚ್ಚಲಿಲ್ಲ. ಹಾಲು, ತರಕಾರಿ, ದಿನಸಿಯ ಹಾಗೆ ಬೆಳಿಗ್ಗೆ 6ರಿಂದ 10ರವರೆಗೆ ಪಾರ್ಸೆಲ್ ಮಾರಲು ಬಿಟ್ಟಿತು. ಹಿಂತೆಗೆತದ ಸಾವುನೋವನ್ನು ತಡೆಯುವ ಮಟ್ಟಿಗೆ ಇದು ಹಿಂದಿನದಕ್ಕಿಂತ ಮೇಲು ಎಂದೇ ನನ್ನ ಅಭಿಪ್ರಾಯ. ಆದರೆ ಇದರಿಂದ ಕೊಳ್ಳುವ ಹೊತ್ತಿಗೂ ಕುಡಿಯುವ ಹೊತ್ತಿಗೂ ನಡುವೆ ಹನ್ನೆರಡು ಗಂಟೆಯ ಅಂತರ ಹುಟ್ಟಿತು. ಸಂಜೆ ಏಳಕ್ಕೆ ಬೇಕಾದದ್ದನ್ನು ಬೆಳಿಗ್ಗೆ ಏಳಕ್ಕೆ ತಂದಿಟ್ಟುಕೊಂಡವನು ಒಬ್ಬನೇ ಕೋಣೆಯಲ್ಲಿ, ಕೆಲಸವಿಲ್ಲದೆ ಅಥವಾ ಲ್ಯಾಪ್‌ಟಾಪಿನ ಮುಂದೆ, ಮೊಬೈಲಿನಲ್ಲಿ ಆಮ್ಲಜನಕಕ್ಕೂ ಹಾಸಿಗೆಗೂ ಮೊರೆಯಿಡುವ ಸಂದೇಶಗಳನ್ನು ನೋಡುತ್ತ ಆ ಹನ್ನೆರಡು ಗಂಟೆ ಕಳೆಯಬೇಕಿತ್ತು. ಹಗಲು ಕುಡಿಯಬಾರದೆಂಬ ಅಲಿಖಿತ ಕಟ್ಟುಪಾಡು ನಮ್ಮಲ್ಲಿ ಗಟ್ಟಿಯಾಗಿಯೇ ಇದೆ. ಅದನ್ನು ಕಾಯುತ್ತಿದ್ದುದು ಮನಸ್ಸಾಕ್ಷಿಗಿಂತ ಹೆಚ್ಚಾಗಿ ಕಚೇರಿ, ರಸ್ತೆ, ನೆರೆಹೊರೆ.

ಪ್ರಶ್ನಾವಳಿಯ ಹತ್ತನೆಯ ಪ್ರಶ್ನೆ

ಕುಡಿತ ಅಪಾಯದ ಮಟ್ಟ ಮುಟ್ಟಿದೆಯೇ ಎಂದು ಅಳೆಯಲು ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ‘ಆಡಿಟ್’ ಎಂಬ ಹತ್ತು ಪ್ರಶ್ನೆಗಳ ಪಟ್ಟಿ ನಮ್ಮ ಆಸ್ಪತ್ರೆಗಳಲ್ಲೂ ಬಳಕೆಯಲ್ಲಿದೆ. ಒಟ್ಟು ಅಂಕ 40. 8 ಮುಟ್ಟಿದರೆ ಎಚ್ಚರಿಕೆ. ದಶಕಗಳಿಂದ ಒರೆಗೆ ಹಚ್ಚಿದ, ಒಳ್ಳೆಯ ಸಾಧನ ಇದು. ಈ ಪ್ರಕರಣದ ವ್ಯಕ್ತಿಯನ್ನು ಅದರ ಮುಂದೆ ಕೂರಿಸಿ ನೋಡೋಣ. ಕುಡಿತದ ಕಾರಣಕ್ಕೆ ನಿಮ್ಮಿಂದ ನಿರೀಕ್ಷಿಸಿದ ಕೆಲಸವನ್ನು ಮಾಡಲಾಗದೆ ಹೋದದ್ದುಂಟೇ ಎಂದು ಒಂದು ಪ್ರಶ್ನೆ. ಲಾಕ್‌ಡೌನಿನಲ್ಲಿ ಆತನಿಂದ ಯಾರೂ ಏನನ್ನೂ ನಿರೀಕ್ಷಿಸಿರಲಿಲ್ಲ: ಸೊನ್ನೆ. ನಿಮ್ಮ ಕುಡಿತದಿಂದ ನಿಮಗಾಗಲಿ ಬೇರೆಯವರಿಗಾಗಲಿ ಗಾಯವಾಗಿದೆಯೇ ಎಂದು ಇನ್ನೊಂದು. ಬೇರೆಯವರು ಇರಲೇ ಇಲ್ಲ. ತಾನು ಬಿದ್ದದ್ದು ನೆನಪಿಲ್ಲದಿದ್ದರೆ ಅದೂ ಸೊನ್ನೆ. ಬಂಧುವೋ ಸ್ನೇಹಿತನೋ ವೈದ್ಯನೋ ನಿಮ್ಮ ಕುಡಿತದ ಬಗ್ಗೆ ಚಿಂತೆ ವ್ಯಕ್ತಪಡಿಸಿ ಕಡಿಮೆ ಮಾಡಲು ಹೇಳಿದ್ದಾರೆಯೇ ಎಂಬುದು ಹತ್ತನೆಯ, ಕೊನೆಯ ಪ್ರಶ್ನೆ. ಹೌದೆಂದರೆ 4 ಅಂಕದವರೆಗೆ ಸಿಗುತ್ತದೆ. ಹೇಳಲು ಯಾರೂ ಇಲ್ಲದವನಿಗೆ ಇಲ್ಲಿಯೂ ಸೊನ್ನೆ.

ಅಂದರೆ ಒಂಟಿತನ ಹೆಚ್ಚಿದಷ್ಟೂ, ಆ ಮೂರು ಪ್ರಶ್ನೆಗಳ ಮಟ್ಟಿಗೆ, ಮನುಷ್ಯ ಕಾಗದದ ಮೇಲೆ ಹೆಚ್ಚು ಆರೋಗ್ಯವಂತನಾಗಿ ಕಾಣುತ್ತಾನೆ. ಎಷ್ಟು ಸಲ, ಎಷ್ಟು ಪ್ರಮಾಣ ಎಂಬ ಉಳಿದ ಪ್ರಶ್ನೆಗಳು ಅವನನ್ನು ಹಿಡಿಯುತ್ತವೆ, ನಿಜ. ಆದರೆ ‘ಕುಡಿಯುವಾಗ ಜೊತೆಯಲ್ಲಿ ಯಾರಿರುತ್ತಾರೆ?’ ಎಂಬ ಸರಳ ಪ್ರಶ್ನೆ ಆ ಪಟ್ಟಿಯಲ್ಲಿ ಇಲ್ಲ. ನಮ್ಮ ಮಾತಿನಲ್ಲೂ ಇದೇ ಕುರುಡಿದೆ. ‘ಕುಡುಕ’ ಎಂದಾಗ ಕನ್ನಡಿಗನ ಕಣ್ಣಿಗೆ ಬರುವುದು ಬೀದಿಯಲ್ಲಿ ತೂರಾಡುವವನು, ಚರಂಡಿಯ ಬಳಿ ಬಿದ್ದವನು, ಹೆಂಡತಿಗೆ ಹೊಡೆಯುವವನು. ಬಾಗಿಲು ಹಾಕಿಕೊಂಡು, ಯಾರಿಗೂ ತೊಂದರೆ ಕೊಡದೆ, ಬಾಡಿಗೆಯನ್ನು ಹೊತ್ತಿಗೆ ಸರಿಯಾಗಿ ಕಟ್ಟಿ ಕುಡಿಯುವವನಿಗೆ ನಮ್ಮಲ್ಲಿ ಹೆಸರಿಲ್ಲ. ಆತ ತನ್ನನ್ನು ತಾನು ಕರೆದುಕೊಳ್ಳಲು ಪದವೂ ಇಲ್ಲ. ಏಮ್ಸ್ ಸಮೀಕ್ಷೆಯಲ್ಲಿ ಮದ್ಯ ಸೇವಿಸುವ ಮಹಿಳೆಯರ ಪ್ರಮಾಣ ಶೇ 1.6 ಮಾತ್ರ. ಒಬ್ಬಳೇ ಇದ್ದು ಕುಡಿಯುವ ಹೆಂಗಸು ಸಮೀಕ್ಷೆಗೆ ಬಂದವರ ಮುಂದೆ ಹೌದೆಂದು ಒಪ್ಪಿಕೊಳ್ಳುವುದು ಎಷ್ಟು ಕಷ್ಟವೆಂಬುದನ್ನು ಆ ಅಂಕಿಯನ್ನು ಓದುವಾಗ ಮರೆಯಬಾರದು.

ಕುಡಿತ ಬಿಡಿಸುವ ನಮ್ಮ ವ್ಯವಸ್ಥೆಗಳೂ ನೋಡುವವರನ್ನು ನಂಬಿಯೇ ನಿಂತಿವೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಗಳು ಊರೂರಿನಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳ ಬಲವೇ ಅದು: ಊರಿನವರೆದುರು ಸೇರುವುದು, ಮನೆಯವರೆದುರು ಮಾತು ಕೊಡುವುದು, ಶಿಬಿರ ಮುಗಿದ ಮೇಲೆ ನವಜೀವನ ಸಮಿತಿಯಲ್ಲಿ ಮತ್ತೆ ಮತ್ತೆ ಮುಖ ತೋರಿಸುವುದು. ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟಗಳಲ್ಲೂ ವೃತ್ತಾಕಾರವಾಗಿ ಕೂತು ಒಬ್ಬರ ಮಾತನ್ನು ಇನ್ನೊಬ್ಬರು ಕೇಳಬೇಕು. ಜನ ಸೇರುವಂತಿಲ್ಲದ ಕಾಲದಲ್ಲಿ ಶಿಬಿರ ನಡೆಸುವಂತಿರಲಿಲ್ಲ. ಕೂಟಗಳು ಜೂಮಿಗೆ ಹೋದವು. ಸ್ಮಾರ್ಟ್‌ಫೋನೂ ಡೇಟಾವೂ ಇದ್ದವರು ಅವುಗಳ ಜೊತೆ ಹೋದರು.

ಇಂಗ್ಲೆಂಡಿನ ಲೆಕ್ಕ ಹೇಳುವುದೇನು

ನಮ್ಮಲ್ಲಿ ನೇರವಾಗಿ ಕಾಣದ್ದನ್ನು ಬೇರೆಡೆಯ ಲೆಕ್ಕದಲ್ಲಿ ನೋಡಬಹುದು. ಬ್ರಿಟನ್ನಿನಲ್ಲಿ ಲಾಕ್‌ಡೌನ್ ಶುರುವಾದ ಕೆಲವೇ ದಿನಗಳಲ್ಲಿ ಮದ್ಯದಂಗಡಿಗಳನ್ನು ಅಗತ್ಯ ಸೇವೆಯ ಪಟ್ಟಿಗೆ ಸೇರಿಸಿದರು, ಪಬ್ಬುಗಳನ್ನು ಮಾತ್ರ ಮುಚ್ಚಿದರು. ಒಂದು ಅರ್ಥದಲ್ಲಿ ನಮ್ಮ ಮೇ–ಆಗಸ್ಟ್ ತಿಂಗಳುಗಳ ಸ್ಥಿತಿ ಅಲ್ಲಿ ಆರಂಭದಿಂದಲೇ ಇತ್ತು. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ 2021ರ ಜುಲೈನಲ್ಲಿ ಕೊಟ್ಟ ವರದಿಯ ಪ್ರಕಾರ, ಮದ್ಯವೇ ನೇರ ಕಾರಣವಾದ ಸಾವುಗಳು 2019ರಲ್ಲಿ 5,819 ಇದ್ದದ್ದು 2020ರಲ್ಲಿ 6,983 ಆದವು, ಶೇ 20ರ ಏರಿಕೆ. ಅದೇ ವರ್ಷ ಮದ್ಯ ನೇರ ಕಾರಣವಾಗಿ ತುರ್ತಾಗಿ ಆಸ್ಪತ್ರೆ ಸೇರಿದವರ ಸಂಖ್ಯೆ ಮಾತ್ರ ಶೇ 3ರಷ್ಟು ಕಡಿಮೆಯಾಯಿತು. ಅಲ್ಲಿ ಎಲ್ಲರೂ ಹೆಚ್ಚು ಕುಡಿಯಲಿಲ್ಲ. ಸ್ವಲ್ಪ ಕುಡಿಯುತ್ತಿದ್ದ ಎಷ್ಟೋ ಜನ ಅಷ್ಟರಲ್ಲೇ ಉಳಿದರು ಅಥವಾ ಕಡಿಮೆ ಮಾಡಿದರು. ಮೊದಲೇ ಹೆಚ್ಚು ಕುಡಿಯುತ್ತಿದ್ದವರು ಇನ್ನೂ ಹೆಚ್ಚಿಸಿದರು. ಆಸ್ಪತ್ರೆಗೆ ಹೋದರೆ ಸೋಂಕು ತಗುಲೀತೆಂಬ ಭಯಕ್ಕೂ ಇದರಲ್ಲಿ ಪಾಲಿದೆ. ಆದರೂ ಸಾವು ಏರಿ ದಾಖಲಾತಿ ಇಳಿಯಬೇಕಾದರೆ ಕಾಯಿಲೆ ಮತ್ತು ಆಸ್ಪತ್ರೆಯ ನಡುವೆ ಇರುತ್ತಿದ್ದ ಯಾರೋ ಒಬ್ಬರು ಇಲ್ಲವಾಗಿರಬೇಕೆಂದೇ ನಾನು ಇದನ್ನು ಓದುತ್ತೇನೆ.

ಇಂತಹ ಹೋಲಿಕೆ ಕರ್ನಾಟಕಕ್ಕೆ ಮಾಡಲು ಅಡ್ಡಿಯಿರುವುದು ಸಾವಿನ ದಾಖಲೆಯಲ್ಲಿ. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣವನ್ನು ದೃಢೀಕರಿಸಿದ್ದು ಶೇ 22.5ರಷ್ಟಕ್ಕೆ ಮಾತ್ರ. ಮನೆಯಲ್ಲಿ ಸತ್ತವನ ಕಾರಣ ಬಹುಪಾಲು ‘ಹೃದಯಾಘಾತ’ ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗುತ್ತದೆ. ಬದುಕಿದ್ದಾಗ ನೋಡುವವರಿಲ್ಲದವನ ಸಾವಿನ ಕಾರಣವನ್ನೂ ಯಾರೂ ನೋಡುವುದಿಲ್ಲ.

2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯದ ಸಹಾಯವಾಣಿ ಆರಂಭವಾಯಿತು. ನಿಮ್ಹಾನ್ಸ್ ಅದರ ರಾಷ್ಟ್ರೀಯ ಕೇಂದ್ರ, ಸಂಖ್ಯೆ 14416, ಕನ್ನಡದಲ್ಲೂ ಮಾತಾಡಬಹುದು. ಮಹಾಮಾರಿಯ ಅನುಭವದಿಂದ ಹುಟ್ಟಿದ ಬೆಲೆಯುಳ್ಳ ವ್ಯವಸ್ಥೆ ಇದು, ಆದರೆ ಕರೆ ಮಾಡುವ ಹೆಜ್ಜೆಯನ್ನು ಕುಡಿಯುವವನೇ ಇಡಬೇಕು. ಈ ಪ್ರಕರಣವನ್ನು ಹಿಂದಿನಿಂದ ಮುಂದಕ್ಕೆ ಮತ್ತೆ ಓದಿದಾಗ, ಆ ಒಂದೂವರೆ ವರ್ಷದಲ್ಲಿ ಒಂಟಿಯಾಗಿ ಕುಡಿಯುವವನನ್ನು ದಿನವೂ ಎದುರೆದುರು ಕಂಡವನು ಒಬ್ಬನಿದ್ದ ಎಂಬುದು ನನಗೆ ಹೊಳೆದದ್ದು ತಡವಾಗಿ. ಆತ ವೈನ್ ಶಾಪಿನ ಜಾಲರಿಯ ಹಿಂದೆ ನಿಂತು ಬಾಟಲಿ ಎತ್ತಿಕೊಡುವ ಹುಡುಗ. ಯಾರು ಕ್ವಾರ್ಟರಿನಿಂದ ಫುಲ್ಲಿಗೆ ಏರಿದರು, ಯಾರು ಬೆಳಿಗ್ಗೆ ಆರಕ್ಕೆ ಮೊದಲೇ ಬಂದು ಕಾಯುತ್ತಾರೆ, ನೋಟು ಎಣಿಸುವಾಗ ಯಾರ ಕೈ ನಡುಗುತ್ತದೆ, ಯಾರು ಮೂರು ದಿನದಿಂದ ಬಂದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಅಂಗಡಿಯ ಪರವಾನಗಿಯ ಜೊತೆ, ದರಪಟ್ಟಿಯ ಪಕ್ಕ, ಒಂದು ಸಹಾಯವಾಣಿ ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ಹಾಕಿಸಿ, ಮೂರು ದಿನದಿಂದ ಬಾರದವನ ಬಗ್ಗೆ ಅನುಮಾನ ಬಂದರೆ ಯಾರಿಗೆ ತಿಳಿಸಬೇಕೆಂದು ಆ ಹುಡುಗನಿಗೆ ಹೇಳಿಕೊಡಲು ಅಬಕಾರಿ ಇಲಾಖೆಗೆ ಆಗುವ ಖರ್ಚು, ಅದರ ಒಂದು ದಿನದ ಆದಾಯದ ಮುಂದೆ ಲೆಕ್ಕಕ್ಕೇ ಬಾರದು.